ಗುಂಡನ ಪಥ್ಯ

ನಾಯಿಗೆ ಅಲರ್ಜಿಯಾದರೆ ಅದು ನಮ್ಮ ಹಾಗೆ ಸೀನುತ್ತಾ, ಮೂಗೊರೆಸಿಕೊಳ್ಳುತ್ತಾ ಕೂರುವುದು ಕಡಿಮೆ. ಕೆರೆಯುತ್ತದೆ. ಕಿವಿ, ಕಂಕುಳು, ಹೊಟ್ಟೆ ಎಲ್ಲ ಕೆರೆದು, ನೆಲಕ್ಕೆ ಮೂತಿ ಉಜ್ಜಿ, ಕೊನೆಗೆ ಪಾದ ನೆಕ್ಕುತ್ತಾ ಕೂರುತ್ತದೆ. ನಮ್ಮ ಗುಂಡನ ಬೆಳ್ಳನೆಯ ಪಾದಗಳು ಕೆಂಪಾದಾಗ, ಯಾರೋ ಎಲೆಯಡಿಕೆ ಉಗಿದಿದ್ದಾರೆಂದು ಅಪ್ಪ ಇಡೀ ಬೀದಿಯ ಮೇಲೆ ಅನುಮಾನಪಟ್ಟರು. ಅದು ಅವನದೇ ಎಂಜಲಿನ ಕಲೆ ಎಂದು ತಿಳಿದದ್ದು ಆಮೇಲೆ.

ಅಷ್ಟರಲ್ಲಿ ಅಮ್ಮ ದೃಷ್ಟಿ ತೆಗೆದಾಗಿತ್ತು. ಮೆಣಸಿನಕಾಯಿ ಘಾಟಿಗೆ ಮನೆಮಂದಿಯೆಲ್ಲ ಕೆಮ್ಮಿದೆವು, ಗುಂಡ ಮಾತ್ರ ನಿಶ್ಚಿಂತೆಯಿಂದ ಕೆರೆದುಕೊಳ್ಳುತ್ತಿದ್ದ. ಮರುದಿನ ಬೇವು-ಅರಿಸಿನದ ಲೇಪ. ಗುಂಡನ ಜೊತೆ ಸೋಫಾಕ್ಕೂ ಅರಿಸಿನಶಾಸ್ತ್ರವಾಯಿತು. ಗ್ಯಾರೇಜಿನವರೊಬ್ಬರು ಸುಟ್ಟ ಇಂಜಿನ್ ಆಯಿಲ್ ಹಚ್ಚಿ ಎಂದರು. ಈ ಸಲಹೆ ಯಾರಾದರೂ ಕೊಟ್ಟರೆ ದಯವಿಟ್ಟು ಓಡಿಹೋಗಿ. ಮೈಗೆ ಹಚ್ಚಿದ್ದನ್ನೆಲ್ಲ ನಾಯಿ ನೆಕ್ಕುತ್ತದೆ, ಅದು ಅಪ್ಪಟ ವಿಷ.

ಪಶುವೈದ್ಯರು ಮೊದಲು ಬಾಚಣಿಗೆಯಿಂದ ಬಾಚಿ, ಉದುರಿದ ಕರಿಪುಡಿಯನ್ನು ಒದ್ದೆ ಹತ್ತಿಯ ಮೇಲೆ ಹಾಕಿ ನೋಡಿದರು. ಕೆಂಪಾದರೆ ಅದು ಚಿಗಟದ ಹಿಕ್ಕೆಯಂತೆ. ಆಗಲಿಲ್ಲ, ಬರೀ ಬೀದಿ ಧೂಳು. ಆಮೇಲೆ ವಿಚಾರಣೆ ಶುರುವಾಯಿತು.

“ಏನು ತಿನ್ನಿಸ್ತೀರಿ?”

“ಅನ್ನ-ಮೊಸರು ಅಷ್ಟೇ ಡಾಕ್ಟ್ರೇ,” ಎಂದೆ.

“ನಾನು ಚಿಕನ್ ಬಿಸ್ಕತ್ತೂ ಕೊಡ್ತೀನಿ,” ಎಂದಳು ಮಗಳು. ನನ್ನವಳು ತುಪ್ಪದ ಚಪಾತಿ ಒಪ್ಪಿಕೊಂಡಳು. ಅಮ್ಮ ನೈವೇದ್ಯದ ಹಾಲು ಎಂದರು. ಅಪ್ಪ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. “ತಾತ ವಾಕಿಂಗ್‌ನಲ್ಲಿ ದಿನಾ ಬೆಣ್ಣೆ ಬಿಸ್ಕತ್ತು ಕೊಡಿಸ್ತಾರೆ. ಅವನಿಗರ್ಧ, ಅವರಿಗರ್ಧ,” ಎಂದು ಮಗಳು ಮುಗಿಸಿದಳು. ಅಪ್ಪನಿಗೆ ಸಕ್ಕರೆ ಕಾಯಿಲೆ. ಗುಂಡನ ಕೇಸು ಅಲ್ಲಿಗೆ ಅರ್ಧ ಗಂಟೆ ಮುಂದೂಡಲ್ಪಟ್ಟಿತು.

ನಾಯಿಗಳಿಗೆ ಒಗ್ಗದಿರುವುದು ಬಹುಮಟ್ಟಿಗೆ ದನದ ಮಾಂಸ, ಹಾಲು, ಕೋಳಿ, ಗೋಧಿ. ಹೊಸದಲ್ಲ, ವರ್ಷಗಟ್ಟಲೆ ತಿಂದು ಅರಗಿಸಿಕೊಂಡದ್ದೇ ತಿರುಗಿಬೀಳುತ್ತದೆ ಎಂದರು ವೈದ್ಯರು. ಆಹಾರದ ಅಲರ್ಜಿಗೆ ರಕ್ತಪರೀಕ್ಷೆ ನೆಚ್ಚಿಕೊಳ್ಳುವ ಹಾಗಿಲ್ಲವಂತೆ. ಈವರೆಗೆ ಬಾಯಿಗಿಡದ ಒಂದೆರಡು ಪದಾರ್ಥಗಳನ್ನಷ್ಟೇ 8 ವಾರ ಕೊಡಬೇಕು, ಬೇರೇನೂ ಸೋಕಬಾರದು, ಕೋಳಿ ರುಚಿಯ ಮಾತ್ರೆಯೂ ಕೂಡದು.

“ಮೀನು ತಿಂದಿದ್ದಾನಾ?”

ನಮ್ಮ ವಂಶದಲ್ಲೇ ಯಾರೂ ತಿಂದಿರಲಿಲ್ಲ.

ಹೀಗೆ ಹಿತ್ತಲಿನ ಬಚ್ಚಲೊಲೆ ಮೇಲೆ ಬಂಗುಡೆ-ಗೆಣಸು ಬೇಯತೊಡಗಿತು. ಮುಳ್ಳು ಬಿಡಿಸುವ ಕೆಲಸ ನನ್ನ ಪಾಲಿಗೆ. ಬಡಾವಣೆಯ ಬೆಕ್ಕುಗಳೆಲ್ಲ ಕಾಂಪೌಂಡ್ ಮೇಲೆ ಸಭೆ ಸೇರಿದವು. ವಾಸನೆ ಹಿಡಿದು ಬಂದ ಪಕ್ಕದ ಮನೆಯ ಮಂಗಳೂರಿನ ಅಕ್ಕ ಪಾತ್ರೆ ಇಣುಕಿ, “ಇಷ್ಟೊಳ್ಳೆ ಬಂಗುಡೆಗೆ ಉಪ್ಪಿಲ್ಲ, ಹುಳಿಯಿಲ್ಲ, ಪಾಪ ಅಲ್ವಾ?” ಎಂದು ನೊಂದುಕೊಂಡರು. ಗೇಟಿನ ‘ನಾಯಿ ಇದೆ ಎಚ್ಚರಿಕೆ’ ಕೆಳಗೆ ಮಗಳು ‘ಅದಕ್ಕೆ ಏನೂ ಕೊಡಬೇಡಿ’ ಎಂದು ಬರೆದಳು. ಹೂವಿನವಳಿಂದ ಹಾಲಿನವನವರೆಗೆ ಎಲ್ಲರೂ ಗುಟ್ಟಾಗಿ ಉಣಿಸುತ್ತಿದ್ದರೆಂಬುದು ಆಗಲೇ ಬಯಲಾದದ್ದು.

ಕಿವಿಯ ದುರ್ವಾಸನೆ ಹೋಯಿತು, ನೆಕ್ಕಾಟ ನಿಂತಿತು. ಆಮೇಲೆ ಹಳೆಯ ಪದಾರ್ಥಗಳನ್ನು ಒಂದೊಂದಾಗಿ ಮತ್ತೆ ಕೊಟ್ಟು ನೋಡುವ ಘಟ್ಟ. ಕೋಳಿ ಪಾಸಾಯಿತು. ಗೋಧಿಯೂ ಪಾಸು. ಮೊಸರು ಕೊಟ್ಟ ಮೂರನೇ ದಿನ ಗುಂಡ ಮತ್ತೆ ಕೆರೆಯತೊಡಗಿದ.

“ಮೊಸರನ್ನ ಒಗ್ಗದವನು ಈ ಮನೆಗೆ ಹೇಗೆ ಬಂದ?” ಎಂದು ಅಮ್ಮ ಕಣ್ಣೊರೆಸಿಕೊಂಡರು. ಎಮ್ಮೆ ಮೊಸರಾದರೆ ಹೇಗೆ ಎಂದು ಈಗಲೂ ವೈದ್ಯರನ್ನು ಕೇಳುತ್ತಿರುತ್ತಾರೆ.

ಬೇಕರಿಗೆ ನೆಪವಿಲ್ಲದೆ ಅಪ್ಪನ ಸಕ್ಕರೆಯೂ ಆ ವಾರಗಳಲ್ಲಿ ಇಳಿದಿತ್ತು. ಈಗ ಅವರು ಗುಂಡನಿಗಾಗಿ ಹಾಲು-ಬೆಣ್ಣೆಯಿಲ್ಲದ ಬ್ರೆಡ್ ಹುಡುಕುತ್ತಾ ಮೈಸೂರಿನ ಬೇಕರಿಗಳ ಸರ್ವೆ ನಡೆಸಿದ್ದಾರೆ. ತಿಂದು ನೋಡದೆ ಗೊತ್ತಾಗುವುದು ಹೇಗೆ ಎಂಬುದು ಅವರ ವಾದ.