ತಿಪಟೂರಿನ ಇಂಗ್ಲಿಷರು

ನಮ್ಮ ಹಳ್ಳಿಯಲ್ಲಿ ನಮ್ಮನ್ನು ಎಲ್ಲರೂ ಕರೆಯುವುದು ‘ಆ ಇಂಗ್ಲಿಷರು’ ಅಂತ. ನಮ್ಮ ಯಜಮಾನರು ತಿಪಟೂರಿನವರು, ನಾನು ಕಡೂರಿನವಳು. ದುಡಿಯುವ ವಯಸ್ಸನ್ನೆಲ್ಲ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಕಳೆದು, ಅಲ್ಲಿನ ಪಾಸ್‌ಪೋರ್ಟ್ ಮಾಡಿಸಿಕೊಂಡು, ರಿಟೈರ್ ಆದ ಮೇಲೆ ಫ್ರಾನ್ಸಿನ ದೋರ್ದೋನ್ ಜಿಲ್ಲೆಯಲ್ಲಿ ಒಂದು ಹಳೇ ಕಲ್ಲಿನ ಮನೆ ಕೊಂಡು ಕೂತಿದ್ದೇವೆ. ನಮ್ಮ ಬಣ್ಣ ನೋಡಿದರೆ, ಅಡುಗೆಮನೆ ಕಿಟಕಿಯಿಂದ ಬರುವ ಒಗ್ಗರಣೆ ಘಾಟು ಕುಡಿದರೆ, ಯಾರಿಗಾದರೂ ಸ್ವಲ್ಪ ಅನುಮಾನ ಬರಬೇಕು. ಇಲ್ಲಿ ಬರುವುದಿಲ್ಲ. ಇಂಗ್ಲಿಷ್ ಮಾತಾಡುತ್ತಾರೆ, ಸ್ಟಿಯರಿಂಗ್ ಬಲಗಡೆ ಇರುವ ಕಾರು ಓಡಿಸುತ್ತಾರೆ, ಸೋರುವ ಮನೆಗೆ ದುಡ್ಡು ಸುರಿಯುತ್ತಾರೆ. ಇಂಗ್ಲಿಷರಲ್ಲದೆ ಇನ್ಯಾರು?

ಪಕ್ಕದ ತೋಟದ ಅಜ್ಜ ಒಂದೇ ಒಂದು ಸಲ ವಿಚಾರಿಸಿದ್ದರು, ಮೂಲ ಎಲ್ಲಿ ಅಂತ. ಇಂಡಿಯಾ ಅಂದ ಕೂಡಲೇ ಮುಖ ಅರಳಿತು. “ಪಾಂಡಿಚೇರಿಯಾ?” ಅಂದರು. ಅಲ್ಲಿ ಸುಮ್ನೆ ಹೂಂ ಅಂದುಬಿಟ್ಟಿದ್ದರೆ ನಾವು ಅವತ್ತೇ ಅರ್ಧ ಫ್ರೆಂಚರಾಗಿಬಿಡುತ್ತಿದ್ದೆವು. ಆದರೆ ಇವರು ಸತ್ಯಹರಿಶ್ಚಂದ್ರನ ತುಂಡು. ಅಲ್ಲ, ಅದು ನಮಗೆ ದೂರ, ನಮ್ಮ ಸೀಮೆ ಇಂಗ್ಲಿಷರ ಕೈಯಲ್ಲಿತ್ತು ಅಂತ ವಿವರವಾಗಿ ಹೇಳಿದರು. “ಮತ್ತೆ ಅದೇ ಆಯ್ತಲ್ಲ” ಅಂತ ಅಜ್ಜ ಕೇಸು ಮುಗಿಸಿದರು.

ಅವತ್ತಿನಿಂದ ಇಂಗ್ಲಿಷರು ಮಾಡಿದ್ದಕ್ಕೆಲ್ಲ ನಾವೇ ಜವಾಬು. ಬ್ರೆಕ್ಸಿಟ್ ಯಾಕೆ ಮಾಡಿದಿರಿ ಅಂತ ಬೇಕರಿಯಾಕೆ ಕೇಳುತ್ತಾಳೆ. 1431ರಲ್ಲಿ ಜೋನ್ ಆಫ್ ಆರ್ಕ್‌ಳನ್ನು ಸುಟ್ಟದ್ದು ಯಾಕೆ ಅಂತ ಪೋಸ್ಟ್‌ಮ್ಯಾನ್ ಕೇಳುತ್ತಾನೆ. ಕುರಿಮಾಂಸಕ್ಕೆ ಪುದೀನ ಸಾಸ್ ಯಾಕೆ ಹಾಕುತ್ತೀರಿ ಅಂತ, ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ನನ್ನನ್ನು ಕೇಳುತ್ತಾರೆ. ಏನು ಹೇಳಲಿ?

ಈ ಸೀಮೆಗೂ ಇಂಗ್ಲೆಂಡಿಗೂ ಇರುವುದು ಹಳೇ ಬೀಗತನ. 1152ರಲ್ಲಿ ಇಲ್ಲಿನ ಒಡತಿ ಎಲಿನೋರ್ ಮದುವೆಯಾದ ಹೆನ್ರಿ ಎರಡು ವರ್ಷದಲ್ಲಿ ಇಂಗ್ಲೆಂಡಿನ ರಾಜನಾದ. ಹೆಂಡತಿಯ ಕಡೆಯಿಂದ ಬಂದ ಆಸ್ತಿ ನೋಡಿ, ಬಿಡೋಕೆ ಮನಸ್ಸಿಲ್ಲ, ಮುನ್ನೂರು ವರ್ಷ ಎಳೆದಾಡಿದರು. 1453ರಲ್ಲಿ ಸೋತು ಹೋದವರು ಈಗ ಯುದ್ಧದ ರಗಳೆಯೇ ಬೇಡ ಅಂತ, ಪೆನ್ಷನ್ ದುಡ್ಡಿನಲ್ಲಿ ಒಂದೊಂದೇ ಮನೆ ಕೊಂಡು ವಾಪಸ್ ತಗೊಳ್ಳುತ್ತಿದ್ದಾರೆ. ಎಮೆ ಎಂಬ ಸಣ್ಣ ಊರಿದೆ, 1270ರಲ್ಲಿ ಕಟ್ಟಿದ್ದು, ನಡುವೆ ಚೌಕ, ಸುತ್ತ ಕಲ್ಲಿನ ಕಮಾನು. ಸಂತೆಯ ದಿನ ಅಲ್ಲಿ ನಿಂತರೆ ಕಿವಿಗೆ ಬೀಳುವುದು ಜಾಸ್ತಿ ಇಂಗ್ಲಿಷೇ. ಕ್ರಿಕೆಟ್ ಕ್ಲಬ್ ಕೂಡ ಇದೆ. ನಮ್ಮವರು ಅದನ್ನು ಕೇಳಿಯೇ ಈ ಜಿಲ್ಲೆಗೆ ಒಪ್ಪಿದ್ದು ಅಂತ ನನ್ನ ಗುಮಾನಿ.

ಇರಲಿ, ಮನೆಗೆ ಬರೋಣ. ಗೋಡೆ ಮೊಣಕೈ ಉದ್ದಕ್ಕಿಂತ ದಪ್ಪ. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲೂ ತಂಪು. ವೈಫೈ ಒಂದು ಕೋಣೆಯಿಂದ ಇನ್ನೊಂದಕ್ಕೆ ದಾಟುವುದಿಲ್ಲ. ಮಗಳ ವಿಡಿಯೊ ಕಾಲ್ ಬಂದರೆ ಇಬ್ಬರೂ ಮೆಟ್ಟಿಲ ಮೇಲೆ ಒತ್ತಿಕೊಂಡು ಕೂರಬೇಕು. ಅಟ್ಟದಲ್ಲಿ ಪುನುಗಿನ ಥರದ ಒಂದು ಪ್ರಾಣಿ ಸಂಸಾರ ಹೂಡಿದೆ. ರಾತ್ರಿ ಅದರ ಓಡಾಟ, ಹಗಲು ನಮ್ಮದು. ಅದು ನಮ್ಮ ಕಾರಿನ ಬಾನೆಟ್ಟಿನೊಳಗೆ ಇಳಿದು ವೈರು ಕಡಿದಿದೆ ಅಂತ ಗ್ಯಾರೇಜಿನವನು ಹೇಳಿದಾಗ ಇವರಿಗೆ ಸಿಟ್ಟಿಗಿಂತ ಬೇಜಾರೇ ಆಯಿತು. “ಬಾಡಿಗೆ ಬೇಡ, ವೈರಾದರೂ ಬಿಡಬಹುದಿತ್ತಲ್ವಾ” ಅಂದರು.

ಕರೆಂಟಿನ ಕಥೆ ಬೇರೆ. ಈ ದೇಶದಲ್ಲಿ ಒಂದೇ ಸಲಕ್ಕೆ ಎಷ್ಟು ಕರೆಂಟ್ ಎಳೆಯುತ್ತೀರಿ ಅಂತ ಮೊದಲೇ ಬರೆದುಕೊಟ್ಟು, ಅದಕ್ಕೆ ತಕ್ಕ ಬಾಡಿಗೆ ಕಟ್ಟಬೇಕು. ನಮ್ಮದು 6 ಕಿಲೋವಾಟ್, ಹಿಂದಿನ ಮಾಲೀಕರ ಕಾಲದ್ದು. ಇಂಗ್ಲೆಂಡಿನಿಂದ ಹೊತ್ತು ತಂದ ಕೆಟಲ್ ಒಂದೇ 3 ಕಿಲೋವಾಟ್ ಕುಡಿಯುತ್ತದೆ. ಸ್ನಾನದ ಗೀಸರ್ ಹತ್ತಿಕೊಂಡಿದ್ದು, ಓವನ್ನಿನಲ್ಲಿ ಏನಾದರೂ ಇದ್ದು, ಆಗ ಯಾರಾದರೂ ಡಿಕಾಕ್ಷನ್ನಿಗೆ ನೀರಿಟ್ಟರೆ ಮುಗಿಯಿತು, ಇಡೀ ಮನೆ ಕತ್ತಲೆ. ಮೀಟರ್ ಇರುವುದು ಮನೆಯೊಳಗಲ್ಲ, ರಸ್ತೆ ಬದಿಯ ಕಾಂಪೌಂಡಿನ ಡಬ್ಬಿಯಲ್ಲಿ. ಜನವರಿಯ ಜಿಟಿಜಿಟಿ ಮಳೆಯಲ್ಲಿ ಪಂಚೆ ಎತ್ತಿ ಕಟ್ಟಿ, ಮೇಲೆ ಕೋಟು ಹಾಕಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಇವರು ಹೋಗಿ ಆ ಹಸಿರು ಡಬ್ಬಿಯ ಪ್ಲಸ್ ಗುಂಡಿ ಒತ್ತಿ ಹಿಡಿಯಬೇಕು. ಎದುರಿಗೆ ಟ್ರ್ಯಾಕ್ಟರಿನಲ್ಲಿ ಹೋಗುವ ಅಜ್ಜ ಗಾಡಿ ನಿಧಾನ ಮಾಡಿ, “ಮತ್ತೆ ಟೀನಾ?” ಅಂತ ಕೇಳುತ್ತಾರೆ. ನಾವು ಕುಡಿಯುವುದು ಚಿಕ್ಕಮಗಳೂರಿನ ಫಿಲ್ಟರ್ ಕಾಫಿ ಅಂತ ಇವರು ಎಷ್ಟೋ ಸಲ ಹೇಳಿ ನೋಡಿದ್ದಾರೆ. ಇಂಗ್ಲಿಷರು ಟೀ ಬಿಟ್ಟು ಬೇರೆ ಕುಡಿಯುತ್ತಾರೆ ಅಂದರೆ ನಂಬುವುದು ಹೇಗೆ, ಪಾಪ.

ಕಾಗದಪತ್ರದ ವಿಷಯ ಬರೆಯಲು ಹೊರಟರೆ ಇನ್ನೊಂದು ಲೇಖನವೇ ಬೇಕು. ಯಾವ ಕೆಲಸಕ್ಕೂ ಮೊದಲು ಕರೆಂಟ್ ಬಿಲ್ಲು ತೋರಿಸಬೇಕು. ಕರೆಂಟ್ ಹಾಕಿಸಿಕೊಳ್ಳಲು ಬ್ಯಾಂಕ್ ಖಾತೆ ಬೇಕು, ಖಾತೆ ತೆರೆಯಲು ಕರೆಂಟ್ ಬಿಲ್ಲು ಬೇಕು. ಆರೋಗ್ಯ ಕಾರ್ಡಿನ ನಂಬರಿನಲ್ಲಿ ಗಂಡಸರಿಗೆ ಮೊದಲು 1, ಹೆಂಗಸರಿಗೆ 2, ಆಮೇಲೆ ಹುಟ್ಟಿದ ವರ್ಷ, ತಿಂಗಳು. ಹೊರದೇಶದಲ್ಲಿ ಹುಟ್ಟಿದವರಿಗೆ ಜಿಲ್ಲೆಯ ಜಾಗದಲ್ಲಿ 99. ತಿಪಟೂರು, ಕಡೂರು, ಲಂಡನ್ನು, ಎಲ್ಲವೂ 99. ಜನನ ಪತ್ರ ಬೇರೆ ಇತ್ತೀಚೆಗೆ ಕೊಟ್ಟದ್ದಾಗಿರಬೇಕಂತೆ. ತಿಪಟೂರಿನಿಂದ ಹೊಸ ಪ್ರತಿ ತರಿಸಿ, ಕನ್ನಡದಿಂದ ಫ್ರೆಂಚಿಗೆ ಮಾಡಿಕೊಡುವ ಸರ್ಕಾರಿ ಮಾನ್ಯತೆಯವರು ಎಲ್ಲಿದ್ದಾರೆ ಅಂತ ಹುಡುಕಾಡುವಷ್ಟರಲ್ಲಿ ಆ ಹೊಸ ಪ್ರತಿಯೂ ಹಳೆಯದಾಗಿತ್ತು.

ಈಗ ಗುಂಡಿಯ ವಿಷಯ. ಇಂಗ್ಲೆಂಡಿನಲ್ಲಿ ಇಂಗ್ಲಿಷರು ಸೇರಿದರೆ ಮಾತು ಹವೆಯದ್ದು. ಫ್ರಾನ್ಸಿನ ಹಳ್ಳಿಗೆ ಬಂದ ಇಂಗ್ಲಿಷರು ಸೇರಿದರೆ ಮಾತು ಸೆಪ್ಟಿಕ್ ಟ್ಯಾಂಕಿನದ್ದು. ಹಳ್ಳಿಗಳಲ್ಲಿ ಒಳಚರಂಡಿ ಇಲ್ಲದ ಮನೆಗಳೇ ಜಾಸ್ತಿ, ಅವಕ್ಕೆಲ್ಲ ತಮ್ಮ ತಮ್ಮ ಗುಂಡಿ. ಹೆಚ್ಚೆಂದರೆ ಹತ್ತು ವರ್ಷಕ್ಕೊಮ್ಮೆ ಸ್ಥಳೀಯ ಆಡಳಿತದವರು ಬಂದು ಅದನ್ನು ಪರೀಕ್ಷೆ ಮಾಡಬೇಕು ಅಂತ ಕಾನೂನೇ ಇದೆ. ನಮ್ಮ ಮನೆಗೂ ಒಬ್ಬ ಹುಡುಗ ಬಂದ. ಬೆಳಿಗ್ಗೆ ಬರುತ್ತೇನೆ ಅಂದವನು ಹನ್ನೊಂದು ದಾಟಿದ ಮೇಲೆ ಬಂದ, ಕೈಕುಲುಕಿದ, ಮುಚ್ಚಳ ಎಲ್ಲಿ ಅಂತ ಕೇಳಿದ. ಅದೇ ನಮಗೂ ಬೇಕಾದ ಪ್ರಶ್ನೆ. ನಮಗೆ ಮನೆ ಮಾರಿದ ನಿಜವಾದ ಇಂಗ್ಲಿಷಿನವ ಕೊಟ್ಟ ನಕ್ಷೆಯಲ್ಲಿ ಒಂದು ಬಾಣದ ಗುರುತಿತ್ತು, ಅದು ಹೋಗಿ ಆಕ್ರೋಟು ಮರಕ್ಕೆ ತಾಗಿತ್ತು.

ಹುಡುಗ ಹುಲ್ಲಿನ ಮೇಲೆಲ್ಲ ಓಡಾಡಿ ಸುಸ್ತಾದ. ಕೊನೆಗೆ ಅಜ್ಜನನ್ನು ಕರೆತಂದೆವು. ಅವರು ಒಂದು ಹಾರೆ ಹಿಡಿದು ನಿಧಾನವಾಗಿ ಬಂದರು. ಅಂಗಳದಲ್ಲಿ ನಿಂತು ಒಂದು ಸಲ ಚಿಮಣಿ ನೋಡಿದರು, ಒಂದು ಸಲ ಬಾವಿ ನೋಡಿದರು, ನಾಲ್ಕು ಹೆಜ್ಜೆ ಎಡಕ್ಕೆ ಹೋಗಿ ಹಾರೆಯ ಮೊನೆಯಿಂದ ನೆಲ ತಟ್ಟಿದರು. ಠಣ್. ಇನ್ನೊಂದು ಹೆಜ್ಜೆ. ಠಣ್. ಆಮೇಲೆ ಧಬ್ ಅಂತ ಟೊಳ್ಳು ಸದ್ದು. “ಇಲ್ಲೇ. ನನಗೆ ಗೊತ್ತಿಲ್ಲದೆ ಏನು, ತೋಡಿದವನೇ ನಾನು” ಅಂದರು. ಹಿಂದಿನ ಮಾಲೀಕ ಅದರ ಮೇಲೇ ಚೆಂದದ ಕಲ್ಲುಹಾಸು ಹಾಕಿಸಿ, ಮೇಜು ಕುರ್ಚಿ ಜೋಡಿಸಿ ಕೊಟ್ಟಿದ್ದ. ಬಂದವರನ್ನೆಲ್ಲ ಕೂರಿಸಿ ಸಂಜೆ ಕಾಫಿ ಕೊಡುತ್ತಿದ್ದ ಜಾಗ, ನನ್ನ ಕರಿಬೇವಿನ ಕುಂಡ ಇಟ್ಟಿದ್ದ ಜಾಗ. ಗಿಡ ಆ ಪಾಟಿ ಸೊಂಪಾಗಿತ್ತು ಅಂದರೆ ಸುಮ್ನೆ ಅಲ್ಲ. ಅದು ಕುಂಡದಲ್ಲಿತ್ತು, ಕೆಳಗಿನದಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂತ ಇವರು ವಿಜ್ಞಾನ ಹೇಳುತ್ತಾರೆ. ನನಗಂತೂ ಆಮೇಲೆ ಸ್ವಲ್ಪ ದಿನ ಒಗ್ಗರಣೆಗೆ ಅದನ್ನು ಕೀಳಲು ಕೈ ಬರಲಿಲ್ಲ.

ಕಲ್ಲು ಕಿತ್ತು, ಮೂವರೂ ಸೇರಿ ಮುಚ್ಚಳ ಎತ್ತಿ ಪಕ್ಕಕ್ಕೆ ಇಟ್ಟರು. ವಾಸನೆ ಎದ್ದು ನಿಂತಿತು. ಅದೇ ಹೊತ್ತಿಗೆ ಚರ್ಚಿನ ಗಂಟೆ ಹನ್ನೆರಡು ಹೊಡೆಯಿತು. ಇಲ್ಲಿ ಹನ್ನೆರಡರಿಂದ ಎರಡು ಅಂದರೆ ಊಟ. ಅಂಗಡಿ ಮುಚ್ಚುತ್ತದೆ, ಪಂಚಾಯ್ತಿ ಕಚೇರಿ ಮುಚ್ಚುತ್ತದೆ, ರಸ್ತೆ ಅಗೆಯುವವರು ಗುದ್ದಲಿ ಬಿಸಾಕುತ್ತಾರೆ. ಹುಡುಗ ಕೈಗವಸು ಬಿಚ್ಚಿ, “ಊಟ ಚೆನ್ನಾಗಿ ಮಾಡಿ” ಅಂತ ನಮಗೆ ಹಾರೈಸಿ ಹೊರಟ. ಅಜ್ಜ ಹಾರೆ ಹೆಗಲಿಗೇರಿಸಿ ಹೊರಟರು. ಮುಚ್ಚಳವಾದರೂ ಮುಚ್ಚಿ ಅಂತ ನಾನು ಬಾಯಿ ಬಿಡುವಷ್ಟರಲ್ಲಿ ಗೇಟು ದಾಟಿದ್ದರು. ಸಿಮೆಂಟಿನ ಮುಚ್ಚಳ, ನಮ್ಮಿಬ್ಬರ ಸೊಂಟಕ್ಕೆ ಆಗುವಂಥದ್ದಲ್ಲ.

ಅವತ್ತು ಹನ್ನೆರಡೂವರೆಗೆ ನಾವು ಇಂಗ್ಲಿಷ್ ದಂಪತಿಯೊಬ್ಬರನ್ನು ಊಟಕ್ಕೆ ಕರೆದಿದ್ದೆವು. ಬಿಸಿಬೇಳೆಬಾತ್ ಮಾಡಿದ್ದೆ. ಇಂಗ್ಲಿಷರು ಹೊತ್ತಿಗೆ ಸರಿಯಾಗಿ ಬರುವುದರಲ್ಲಿ ಎತ್ತಿದ ಕೈ, ಬಂದರು. ಇಬ್ಬರೂ ಬಾಗಿಲಲ್ಲಿ ಒಂದು ಕ್ಷಣ ನಿಂತರು. ಇಂಗ್ಲಿಷ್ ಸೌಜನ್ಯ ಎಂಥದ್ದು ಅಂತ ನನಗೆ ಅವತ್ತು ಗೊತ್ತಾಯಿತು. ಆಕೆ ಉಸಿರೆಳೆದುಕೊಂಡು, ನಗುಮುಖದಿಂದ, “ಓ, ಇದೇ ಅಲ್ವಾ ನೀವು ಹೇಳುತ್ತಿದ್ದ ಇಂಗು?” ಅಂದರು.

ನಾನು ಹೌದು ಅಂದೆ.

ಆದರೆ ಗಂಡ ಕಿಟಕಿಯಿಂದ ಹೊರಗೆ ನೋಡಿಬಿಟ್ಟ. ಮುಚ್ಚಳ ತೆಗೆದ ಗುಂಡಿ ಕಂಡಿತು. ಆ ಮನುಷ್ಯನ ಕಣ್ಣಿನಲ್ಲಿ ಬಂದ ಹೊಳಪು ನನ್ನ ಬಿಸಿಬೇಳೆಬಾತಿಗೆ ಯಾವತ್ತೂ ಬಂದಿಲ್ಲ. ತಟ್ಟೆ ಕೈಯಲ್ಲಿ ಹಿಡಿದೇ ಹೋಗಿ ಬಗ್ಗಿ ನೋಡಿದ. ಎಷ್ಟು ಲೀಟರಿನದ್ದು, ಹಳೇ ಕಾಲದ್ದಾ, ನೀರು ಇಂಗುವ ಕೊಳವೆ ಎಷ್ಟು ಉದ್ದ, ಬ್ಲೀಚ್ ಹಾಕುತ್ತೀರಾ, ಹಾಕಬೇಡಿ, ಒಳಗಿನ ಬ್ಯಾಕ್ಟೀರಿಯಾ ಸಾಯುತ್ತದೆ. ನಮ್ಮವರೂ ಉಪ್ಪಿನಕಾಯಿ ನೆಕ್ಕುತ್ತಾ ಪಕ್ಕದಲ್ಲಿ ನಿಂತು ಉತ್ತರ ಕೊಡುತ್ತಿದ್ದರು. ಗೆಳೆತನ ಗಟ್ಟಿಯಾದದ್ದು ಅವತ್ತೇ.

ಎರಡಕ್ಕೆ ಸರಿಯಾಗಿ ಹುಡುಗ ಬಂದ, ಕೋಲು ಇಳಿಸಿದ, ಫೋಟೊ ತೆಗೆದ, ‘ನಿಯಮದಂತಿಲ್ಲ’ ಅಂತ ಬರೆದ. ಮನೆ ಮಾರಿದರೆ ಕೊಂಡವರು ಒಂದು ವರ್ಷದೊಳಗೆ ಸರಿ ಮಾಡಿಸಬೇಕಂತೆ. ಅಜ್ಜನಿಗೆ ಅವಮಾನವಾಯಿತು. ತಾನು ತೋಡಿದ ಗುಂಡಿಗೆ ಏನು ಕಮ್ಮಿಯಾಗಿದೆ ಅಂತ ಆ ಹುಡುಗನ ಜೊತೆ ಜಗಳಕ್ಕೇ ನಿಂತರು. ವಾಸನೆಗೆ ಕ್ಷಮಿಸಿ ಅಂತ ಇವರು ಅಂದರೆ, ಕ್ಷಮೆ ಯಾಕೆ, ವಾಸನೆಗೆ ಕಾನೂನಿನ ರಕ್ಷಣೆ ಇದೆ ಅಂದರು. ತಮಾಷೆ ಅಂದುಕೊಂಡೆ, ನಿಜವಂತೆ. ಒಲೆರೋನ್ ದ್ವೀಪದಲ್ಲಿ ಮೋರಿಸ್ ಎಂಬ ಹುಂಜ ಬೆಳಗಿನ ಜಾವ ಕೂಗುತ್ತದೆ ಅಂತ, ರಜೆಗೆ ಬರುವ ನೆರೆಯವರು ಕೋರ್ಟಿಗೆ ಹೋಗಿದ್ದರು. 2019ರಲ್ಲಿ ಹುಂಜವೇ ಗೆದ್ದಿತು. 2021ರ ಜನವರಿಯಲ್ಲಿ ಹಳ್ಳಿಯ ಸದ್ದು, ವಾಸನೆಗಳೂ ಪರಂಪರೆಯೇ ಅಂತ ಕಾನೂನು ಬಂತು. ಕೋಳಿಯ ಕೂಗು, ಸಗಣಿಯ ವಾಸನೆ ಎಲ್ಲ ಸೇರಿತಂತೆ. ಇಂಗ್ಲಿಷರ ಗುಂಡಿಯೂ ಸೇರಿತೇ ಅಂತ ಕೇಳಲು ಹೋಗಲಿಲ್ಲ.

ಬೇಸಿಗೆಯಲ್ಲಿ ಅಜ್ಜ ನಮ್ಮನ್ನು ತಮ್ಮ ಖರ್ಚಿನಲ್ಲಿ ಕಾಸ್ತಿಯೋನ್‌ಗೆ ಕರೆದುಕೊಂಡು ಹೋದರು. 1453ರ ಜುಲೈ 17ರಂದು ಇಂಗ್ಲಿಷರು ಕೊನೇ ಸಲ ಸೋತು ಗಂಟುಮೂಟೆ ಕಟ್ಟಿದ ಊರು ಅದು. ಪ್ರತಿ ಬೇಸಿಗೆ ರಾತ್ರಿ ಬಯಲಿನಲ್ಲಿ ಆ ಯುದ್ಧವನ್ನು ಆಡಿ ತೋರಿಸುತ್ತಾರೆ. ಕುದುರೆ, ಪಂಜು, ಫಿರಂಗಿ. ಇಂಗ್ಲಿಷ್ ಸೇನಾಪತಿ ಟಾಲ್ಬಟ್ ಕೆಳಗೆ ಬೀಳುತ್ತಾನೆ, ಜನ ಚಪ್ಪಾಳೆ ತಟ್ಟುತ್ತಾರೆ. ಅಜ್ಜ ನಮ್ಮವರ ಭುಜ ಹಿಡಿದು, ಬಹಳ ಮರುಕದಿಂದ, “ಬೇಜಾರು ಮಾಡಿಕೊಳ್ಳಬೇಡಿ” ಅಂದರು.

ಇವರಿಗೆ ಅಲ್ಲಿ ತಡೆಯಲಾಗಲಿಲ್ಲ. ಟಿಪ್ಪು ಸುಲ್ತಾನನ ಕಥೆ ತೆಗೆದರು. ನಾವು ಮೈಸೂರಿನವರು, ಇಂಗ್ಲಿಷರ ಮೇಲೆ ನಿಮ್ಮ ಜೊತೆ ಸೇರಿ ಹೋರಾಡಿದವರು, ನಮ್ಮ ರಾಯಭಾರಿಗಳು 1788ರಲ್ಲಿ ನಿಮ್ಮ ಹದಿನಾರನೇ ಲೂಯಿಯ ಆಸ್ಥಾನಕ್ಕೇ ಬಂದಿದ್ದರು ಅಂತ, ಬರುವ ಅಷ್ಟಿಷ್ಟು ಫ್ರೆಂಚನ್ನೆಲ್ಲ ಖರ್ಚು ಮಾಡಿದರು. ನಾನು ನಡುವೆ ಕ್ರಿಯಾಪದ ಸರಿ ಮಾಡುತ್ತಾ ಹೋದೆ. ಅಜ್ಜ ಬೆರಗಾಗಿ ಕೇಳಿದರು.

“ಆಮೇಲೆ? ಗೆದ್ದಿರಾ?”

“ಇಲ್ಲ. 1799ರಲ್ಲಿ ಸೋತೆವು, ಇಂಗ್ಲಿಷರಿಗೆ.”

ಅಜ್ಜ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. “ಅಂದರೆ ನೀವು ಇಂಗ್ಲಿಷರಾಗಿ ಇಲ್ಲಿ ಸೋತಿರಿ, ಇಂಡಿಯದವರಾಗಿ ಅಲ್ಲೂ ಸೋತಿರಿ” ಅಂತ ಹೇಳಿ, ಎದ್ದು ಹೋಗಿ ಇವರಿಗೆ ಒಂದು ದೊಡ್ಡ ಪೊಟ್ಟಣ ಆಲೂಗಡ್ಡೆ ಫ್ರೈಸ್ ತಂದುಕೊಟ್ಟರು.