ಮಾರಾ ಜೊತೆ ಲೆ ಪೆಲೆಟಿಯೆ ವಿಷಯನೂ ಬರ್ಬೇಕಿತ್ತು

ನಿಮ್ಮ ಲೇಖನದಲ್ಲಿ, 1793ರ ಜುಲೈ 13ಕ್ಕೆ ಸ್ನಾನದ ತೊಟ್ಟಿಯಲ್ಲೇ ಕೊಲೆಯಾದ ಫ್ರೆಂಚ್ ಕ್ರಾಂತಿಯ ನಾಯಕ ಮಾರಾನ ನೆನಪಿಗೆ ಅಚ್ಚಾದ ಚಿತ್ರಗಳ ಬಗ್ಗೆ ತುಂಬಾ ಚೆನ್ನಾಗಿ ಬರ್ದಿದೀರಿ ಸರ್, ಆದ್ರೆ ಲೆ ಪೆಲೆಟಿಯೆ ಹೆಸರೇ ಬಂದಿಲ್ವಲ್ಲ ಅಂತ ಬೇಜಾರಾಯ್ತು. ಲೆ ಪೆಲೆಟಿಯೆ ಕ್ರಾಂತಿ ಕಾಲದ ಫ್ರೆಂಚ್ ಸಂಸತ್ತಿನ ಸದಸ್ಯ, ರಾಜ ಹದಿನಾರನೇ ಲೂಯಿಯ ಮರಣದಂಡನೆಗೆ ವೋಟ್ ಹಾಕಿದ್ದ, ಅದೇ ಸಿಟ್ಟಿಗೆ ಅದೇ ವರ್ಷದ ಜನವರಿ 20ರಂದು, ಅಂದ್ರೆ ರಾಜನ ತಲೆ ತೆಗೆಯೋ ಹಿಂದಿನ ದಿನ, ಪ್ಯಾರಿಸ್‌ನ ಹೋಟೆಲೊಂದರಲ್ಲಿ ರಾಜನ ಹಳೇ ಕಾವಲುಗಾರನೊಬ್ಬ ಅವನನ್ನ ಇರಿದು ಕೊಂದ. ಮಾರಾನ ಚಿತ್ರ ಬರೆದ ಅದೇ ಚಿತ್ರಕಾರ ದಾವಿದ್, ಮೊದಲು ಇವನ ಚಿತ್ರ ಬರ್ದಿದ್ದು. ಹಾಸಿಗೆ ಮೇಲೆ ಹೆಣ, ಪಕ್ಕೆಯಲ್ಲಿ ಗಾಯ, ಮೇಲೆ ನೇತಾಡ್ತಿರೋ ಕತ್ತಿ, ಆ ಕತ್ತಿ ಚುಚ್ಚಿಕೊಂಡಿರೋ ಚೀಟಿಯಲ್ಲಿ ರಾಜನ ಸಾವಿಗೆ ಹಾಕಿದ ವೋಟು.

ಈಗ ಆ ಪೇಂಟಿಂಗ್ ಎಲ್ಲೂ ಇಲ್ಲ! ಲೆ ಪೆಲೆಟಿಯೆ ಮಗಳು ಸುಜಾನ್ ರಾಜನ ಪಕ್ಷದವಳಾಗಿ ಬೆಳೆದ್ಲು, ದಾವಿದ್ ತೀರಿಕೊಂಡ ಮೇಲೆ ಅವನ ಮನೆಯವರಿಂದ ಚಿತ್ರ ಕೊಂಡುಕೊಂಡ್ಲು, ಆಮೇಲೆ ಅದು ಯಾರ ಕಣ್ಣಿಗೂ ಬೀಳ್ಲಿಲ್ಲ, ಅವಳೇ ನಾಶ ಮಾಡಿಸಿದ್ಲು ಅಂತಾರೆ. ಉಳಿದಿರೋದು ತಾಮ್ರದ ತಗಡಲ್ಲಿ ತಾರ್ದ್ಯೂ ಅನ್ನೋ ಕಲಾವಿದ ಕೊರೆದು ತೆಗೆದ ಪ್ರಿಂಟ್‌ನ ಒಂದೇ ಒಂದು ಹರಿದ ಪ್ರತಿ, ಇನ್ನೊಂದು ದಾವಿದ್ ಶಿಷ್ಯ ದೇವೋಜ್ ನೋಡಿ ಬಿಡಿಸಿದ ಡ್ರಾಯಿಂಗ್. ಪ್ರಿಂಟ್ ಅಂದ್ರೆ ಬರೀ ಕಾಪಿ ಅಂತ ಮೂಗು ಮುರಿಯೋರು ಇದನ್ನ ನೋಡ್ಬೇಕು, ಇವೆರಡೂ ಇಲ್ದಿದ್ರೆ ದಾವಿದ್ ಏನು ಬರ್ದಿದ್ದ ಅನ್ನೋದೇ ನಮ್ಗೆ ಸರಿಯಾಗಿ ಗೊತ್ತಾಗ್ತಿರ್ಲಿಲ್ಲ. ದಯವಿಟ್ಟು ಇದ್ರ ಬಗ್ಗೆನೂ ಒಂದು ಲೇಖನ ಬರೀರಿ, ಆ ಹರಿದ ಪ್ರಿಂಟ್ ಫೋಟೋ ದೊಡ್ಡದಾಗಿ ಹಾಕಿ.