ಜಹೀರಾಬಾದ್ ಅಂದ್ರ ಫಾರಿನ್ ಏನ್ರೀ?

ಬೀದರ್ ಮಂದಿಗೆ ಬೆಂಗಳೂರು ಸುಮಾರು 700 ಕಿಲೋಮೀಟರ್, ಗಡಿಯಾಚೆ ತೆಲಂಗಾಣದ ಜಹೀರಾಬಾದ್ ಸುಮಾರು 30. ಒಂದಕ್ಕೆ ರಾತ್ರಿಯಿಡೀ ಬಸ್ಸಿನಲ್ಲಿ ಮೈ ನುಗ್ಗುಮಾಡಿಕೊಳ್ಳಬೇಕು, ಇನ್ನೊಂದಕ್ಕೆ ಹೋಗಿ ಚಹಾ ಕುಡಿದು ಬರಬಹುದು. ಜಿಎಸ್‌ಟಿ ಲೆಕ್ಕದಲ್ಲಿ ಮಾತ್ರ ಹತ್ತಿರದ ಊರು ಬೆಂಗಳೂರೇ. ಜಹೀರಾಬಾದ್ ಪರದೇಶ.

ಮನೆಯಲ್ಲೇ ಶೇಂಗಾ ಹಿಂಡಿ (ಚಟ್ನಿಪುಡಿ) ಕುಟ್ಟಿ ಮಾರುವ ಹೆಣ್ಣುಮಗಳೊಬ್ಬಳ ಲೆಕ್ಕ ನೋಡಿ. ಕರ್ನಾಟಕದೊಳಗೆ ಎಲ್ಲಿ ಮಾರಿದರೂ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ಆಕೆಗೆ ಜಿಎಸ್‌ಟಿ ನಂಬರ್ ಬೇಡ. ಹುಮನಾಬಾದಿಗೆ ಕೊಡಲಿ, ಮಂಗಳೂರಿಗೆ ಕೊರಿಯರ್ ಮಾಡಲಿ, ಕೇಳುವವರಿಲ್ಲ. ಜಹೀರಾಬಾದಿನ ಬೀಗರು ರುಚಿ ಹತ್ತಿ ಅರ್ಧ ಕಿಲೋ ಪಾಕೀಟಿಗೆ ಫೋನ್‌ಪೇ ಮಾಡಿದರು ಎನ್ನಿ, ಅದು ಅಂತರರಾಜ್ಯ ಪೂರೈಕೆ. ಕಾಯ್ದೆಯ 24ನೇ ಕಲಂ ಎದ್ದು ನಿಲ್ಲುತ್ತದೆ. ತೆರಿಗೆ ಇರುವ ಸರಕನ್ನು ಇನ್ನೊಂದು ರಾಜ್ಯಕ್ಕೆ ಮಾರುವವರಿಗೆ 40 ಲಕ್ಷವೂ ಇಲ್ಲ, 40 ರೂಪಾಯಿಯೂ ಇಲ್ಲ. ಮೊದಲ ಪಾಕೀಟಿನಿಂದಲೇ ನೋಂದಣಿ ಕಡ್ಡಾಯ.

ಅದೇ ಹೆಣ್ಣುಮಗಳು ಬೀದರಿನ ಅಡುಗೆಮನೆಯಲ್ಲಿ ಕೂತು, ಹಿಂಡಿ ಮಾಡುವುದು ಹೆಂಗೆ ಅಂತ ಹೈದರಾಬಾದಿನವರಿಗೆ ಆನ್‌ಲೈನ್ ಕ್ಲಾಸ್ ತೊಗೊಂಡರೆ? 20 ಲಕ್ಷದವರೆಗೆ ನಂಬರ್ ಬೇಡ. ಸೇವೆಗೆ ಆ ರಿಯಾಯಿತಿ 2017ರ ಅಕ್ಟೋಬರ್‌ನಲ್ಲೇ ಬಂದಿದೆ. ಹಿಂಡಿಯ ಜ್ಞಾನ ಗಡಿ ದಾಟಬಹುದು, ಹಿಂಡಿ ದಾಟುವಂತಿಲ್ಲ. ರೊಟ್ಟಿಗೆ ಇನ್ನೊಂದು ನ್ಯಾಯ. 2025ರ ಸೆಪ್ಟೆಂಬರ್ 22ರಿಂದ ರೊಟ್ಟಿಯ ಮೇಲಿನ ಜಿಎಸ್‌ಟಿ ಸೊನ್ನೆ. ಬರೀ ರೊಟ್ಟಿ ಕಟ್ಟಿ ಕಳಿಸಿದರೆ ತೆಲಂಗಾಣಕ್ಕೂ ನಂಬರ್ ಇಲ್ಲದೆ ಹೋಗುತ್ತದೆ. ಜತೆಗೆ ಹಿಂಡಿಯನ್ನೂ ಮಾರಿದಿರೋ, ನಂಬರ್ ಬೇಕು. ಖಡಕ್ ರೊಟ್ಟಿಯನ್ನು ಹಿಂಡಿ ಇಲ್ಲದೆ ತಿನ್ನಬೇಕು ಎಂಬುದು ಸರಕಾರದ ಆಶಯವಿರಬೇಕು.

ಆಯಿತು, ನಂಬರೇ ತೆಗೆಸೋಣ ಎಂದು ಆರ್‌ಇಜಿ-01 ಅರ್ಜಿ ತೆರೆದರೆ ಪ್ಯಾನ್, ಆಧಾರ್, ಫೋಟೊ ಎಲ್ಲ ಸಲೀಸು. ಸಿಕ್ಕಿಬೀಳುವುದು ವ್ಯಾಪಾರದ ಜಾಗದ ಪುರಾವೆಯಲ್ಲಿ. ಕರೆಂಟ್ ಬಿಲ್ ಮಾವನ ಹೆಸರಿನಲ್ಲಿರುತ್ತದೆ. ಮಾವನ ಒಪ್ಪಿಗೆ ಪತ್ರ ಬೇಕು, ಬಿಲ್ಲಿನ ಹೆಸರೂ ಪತ್ರದ ಹೆಸರೂ ಅಕ್ಷರಕ್ಕಕ್ಷರ ಕೂಡಬೇಕು. ಒಂದರಲ್ಲಿ ‘ಶರಣಪ್ಪ’, ಇನ್ನೊಂದರಲ್ಲಿ ‘ಶರಣಬಸಪ್ಪ’ ಇದ್ದರೆ ಅಧಿಕಾರಿ ವಿವರಣೆ ಕೇಳುತ್ತಾರೆ. 7 ಕೆಲಸದ ದಿನಗಳೊಳಗೆ ಉತ್ತರ ಹೋಗದಿದ್ದರೆ ಅರ್ಜಿ ತಿರಸ್ಕೃತ.

ನಂಬರ್ ಬಂದ ಮೇಲೆ ಸಣ್ಣ ವ್ಯಾಪಾರಿಗಳಿಗೆಂದೇ ಮಾಡಿದ, ಲೆಕ್ಕಪತ್ರ ಕಡಿಮೆ ಇರುವ ಕಾಂಪೊಸಿಷನ್ ಸ್ಕೀಮ್ ಕೇಳಬಹುದಲ್ಲ? ಕೇಳಬಹುದು, ಕೊಡುವುದಿಲ್ಲ. ಹೊರರಾಜ್ಯಕ್ಕೆ ಸರಕು ಮಾರುವವರು ಅದರೊಳಗೆ ಬರುವಂತಿಲ್ಲ. ಹಾಗಾಗಿ ದೊಡ್ಡ ಮಿಲ್ಲಿನ ಸಾಹುಕಾರರ ಹಾಗೆ ಜಿಎಸ್‌ಟಿಆರ್-1, 3ಬಿ ಎಂಬ ಎರಡೂ ರಿಟರ್ನ್ ಹಾಕುತ್ತಿರಬೇಕು. ಮೂರು ತಿಂಗಳಿಗೊಮ್ಮೆ ಹಾಕುವ ಅನುಕೂಲ ಆರಿಸಿಕೊಳ್ಳಬಹುದು, ಆದರೆ ತೆರಿಗೆಯನ್ನು ತಿಂಗಳು ತಿಂಗಳು ಕಟ್ಟಬೇಕು. ಬೀಗರು ಶ್ರಾವಣದಲ್ಲಿ ಹಿಂಡಿ ಬೇಡವೆಂದರೂ ಸೊನ್ನೆ ರಿಟರ್ನ್ ಹೋಗಲೇಬೇಕು. ಮರೆತರೆ ಸೊನ್ನೆಗೂ ದಿನಕ್ಕೆ 20 ರೂಪಾಯಿ ದಂಡ. ಅರ್ಧ ಕಿಲೋ ಹಿಂಡಿಯ ಲಾಭ ಎಷ್ಟು ದಿನಕ್ಕೆ ಕರಗುತ್ತದೆ ಎಂಬುದನ್ನು ಆಡಿಟರ್ ಫೀಸು ಸೇರಿಸದೆಯೇ ಲೆಕ್ಕ ಹಾಕಿಕೊಳ್ಳಿ.

ಹೈದರಾಬಾದಿನಲ್ಲಿ ಒಂದು ವಾರದ ಮೇಳ, ಅಲ್ಲೇ ಮಳಿಗೆ ಹಾಕೋಣ ಎಂದರೆ ಆಕೆ ತೆಲಂಗಾಣದ ಪಾಲಿಗೆ ‘ಕ್ಯಾಶುವಲ್ ಟ್ಯಾಕ್ಸಬಲ್ ಪರ್ಸನ್’, ಅಂದರೆ ತಾತ್ಕಾಲಿಕ ವ್ಯಾಪಾರಿ. ಹೆಸರಷ್ಟೇ ಕ್ಯಾಶುವಲ್. ವ್ಯಾಪಾರ ಶುರುವಾಗುವ 5 ದಿನ ಮೊದಲೇ ಅರ್ಜಿ ಹಾಕಬೇಕು, ಮಳಿಗೆ ಹಂಚಿಕೆಯ ಪತ್ರ ಲಗತ್ತಿಸಬೇಕು, ಎಷ್ಟು ತೆರಿಗೆ ಬರಬಹುದೆಂದು ಅಂದಾಜಿಸಿ ಅದನ್ನು ಮುಂಗಡವಾಗಿ ಕಟ್ಟಬೇಕು. ಆಗ 36ರಿಂದ ಶುರುವಾಗುವ ನಂಬರ್ ಬರುತ್ತದೆ, ಆಯಸ್ಸು ಒಂದು ಸಲಕ್ಕೆ ಹೆಚ್ಚೆಂದರೆ 90 ದಿನ. ಕರ್ನಾಟಕದ ನಂಬರಿಗೆ ಮೊದಲ ಎರಡಂಕಿ 29, ಮಹಾರಾಷ್ಟ್ರದ್ದು 27. ಕಲಬುರಗಿಯ ಒಬ್ಬರು ಸೊಲ್ಲಾಪುರದಲ್ಲೂ ಹೈದರಾಬಾದಿನಲ್ಲೂ ಮಳಿಗೆ ಹಾಕಿದರೆ ಮೂರು ನಂಬರು, ಮೂರು ಲಾಗಿನ್, ಮೂರು ಪಾಸ್‌ವರ್ಡ್. ಹಿಂಡಿ ಮಾರಾಟವಾಗದೆ ವಾಪಸ್ ಬಂದರೆ ಮುಂಗಡ ಕಟ್ಟಿದ್ದರಲ್ಲಿ ಉಳಿದದ್ದು ವಾಪಸ್ ಸಿಗುತ್ತದೆ, ರಿಟರ್ನ್‌ಗಳನ್ನೆಲ್ಲ ಹಾಕಿ ಮುಗಿಸಿದ ಮೇಲೆ. ಹಿಂಡಿ ಅಲ್ಲಿಯವರೆಗೆ ಕೆಡದಿದ್ದರೆ ಪುಣ್ಯ.

ಆದಾಯ ತೆರಿಗೆಯವರ ಬಗ್ಗೆ ಒಳ್ಳೆ ಮಾತಾಡುವ ಅವಕಾಶ ಅಪರೂಪಕ್ಕೆ ಸಿಗುತ್ತದೆ, ಬಿಡಬಾರದು. ಅವರಿಗೆ ರಾಜ್ಯದ ಗಡಿ ಕಾಣುವುದೇ ಇಲ್ಲ. ಕಲಬುರಗಿಯಲ್ಲಿ ಕೂತು ಹೈದರಾಬಾದಿನ ಕಂಪನಿಗೆ ಡಿಸೈನ್ ಮಾಡಿದರೂ, ಯಾದಗಿರಿಯಿಂದ ಪುಣೆಗೆ ಹೋಗಿ ಫರ್ನಿಚರ್ ಕೆಲಸ ಮಾಡಿ ಬಂದರೂ ಪ್ಯಾನ್ ಒಂದು, ರಿಟರ್ನ್ ಒಂದು. ‘ಅಲ್ಲಿ ದುಡದಿದ್ದಕ್ಕ ಅಲ್ಲೇ ರಿಟರ್ನ್ ಹಾಕಬೇಕಾಗ್ತದ್ರೀ’ ಎಂದು ಜೆರಾಕ್ಸ್ ಅಂಗಡಿಯ ಪಂಡಿತರು ಹೆದರಿಸಿದರೆ ನಗುತ್ತ ಚಿಲ್ಲರೆ ಇಸಿದುಕೊಂಡು ಬನ್ನಿ. ಸಣ್ಣ ವ್ಯಾಪಾರಿಗೆ ಅಂದಾಜು ಆದಾಯದ ದಾರಿಯೂ ಇದೆ. ಬ್ಯಾಂಕ್, ಯುಪಿಐ ಮೂಲಕ ಬಂದ ವಹಿವಾಟಿನ ಶೇ. 6, ನಗದಿನ ಶೇ. 8 ಲಾಭವೆಂದು ತೋರಿಸಿದರೆ ಖರ್ಚಿನ ಚೀಟಿ ಕೇಳುವುದಿಲ್ಲ. ಇಂಜಿನಿಯರು, ವಕೀಲರು, ಡಾಕ್ಟರು ಮುಂತಾದ ಪಟ್ಟಿಯಲ್ಲಿರುವ ವೃತ್ತಿಯವರಿಗೆ ಶೇ. 50. ಎರಡಕ್ಕೂ ಸುಗಮ್ ಎಂಬ ಐಟಿಆರ್-4. ಮುಂಗಡ ತೆರಿಗೆ ಬಂದರೂ ನಾಲ್ಕು ಕಂತಿಲ್ಲ, ಮಾರ್ಚ್ 15ರೊಳಗೆ ಒಂದೇ ಸಲ.

ಇಷ್ಟು ಸಲೀಸಿದ್ದರೆ ಜನ ಕೆಟ್ಟುಹೋದಾರು ಎಂದು ಟಿಡಿಎಸ್ ಇಟ್ಟಿದ್ದಾರೆ. 80,000ದ ಬಿಲ್ಲಿಗೆ ಹೈದರಾಬಾದಿನ ಕಂಪನಿ ಶೇ. 10 ಹಿಡಿದು 72,000 ಹಾಕುತ್ತದೆ. ಹಿಡಿದ 8,000 ನಿಮ್ಮ ಪ್ಯಾನಿನ ತೆರಿಗೆ ಖಾತೆಯಲ್ಲಿ ಮೂಡಬೇಕು. ಅಲ್ಲಿಯ ಗುಮಾಸ್ತ ಪ್ಯಾನ್‌ನ ಒಂದು ಅಕ್ಷರ ತಪ್ಪು ಒತ್ತಿದರೆ ಆ ದುಡ್ಡು ಯಾರೋ ಪುಣ್ಯವಂತರ ಖಾತೆಯಲ್ಲಿ ಮೂಡುತ್ತದೆ. ಒಮ್ಮೆ ಹಿಡಿದ ತೆರಿಗೆಯನ್ನು ದುಡಿದವನಿಂದ ಮತ್ತೆ ಕೇಳುವಂತಿಲ್ಲ ಎಂದು ಕಾಯ್ದೆಯಲ್ಲೇ ಇದೆ. ಕಂಪ್ಯೂಟರಿಗೆ ಅದನ್ನು ಹೇಳಿದವರಿಲ್ಲ, ಅದು ಡಿಮ್ಯಾಂಡ್ ನೋಟಿಸ್ ಕಳಿಸುತ್ತದೆ. ಮದ್ದು ಒಂದೇ: ಕಂಪನಿಯವರೇ ತಿದ್ದುಪಡಿ ಸ್ಟೇಟ್‌ಮೆಂಟ್ ಹಾಕಬೇಕು. ಫೋನ್ ಎತ್ತಿದರೆ ‘ಆಪ್ ಕಾ ಬಿಲ್ ತೋ ಕ್ಲಿಯರ್ ಹೋಗಯಾ ನಾ ಸಾಬ್’ ಎಂಬ ದಖ್ಖನಿ ಸಮಾಧಾನ. ಆದ್ದರಿಂದ ಬಿಲ್ಲಿನ ಮೇಲೆಯೇ ಪ್ಯಾನನ್ನು ದಪ್ಪಕ್ಷರದಲ್ಲಿ ಅಚ್ಚುಹಾಕಿಸಿ, ಟಿಡಿಎಸ್ ಪ್ರಮಾಣಪತ್ರ ಕೈಗೆ ಬರುವವರೆಗೆ ಅವರನ್ನು ಬಿಡಬೇಡಿ.

ವೃತ್ತಿ ತೆರಿಗೆಯ ವಿಷಯ ಸಣ್ಣದು. ಸಂವಿಧಾನದ 276ನೇ ವಿಧಿ ವರ್ಷಕ್ಕೆ 2,500ರ ಮಿತಿ ಹಾಕಿದೆ. ಆ ಮಿತಿ ಒಂದೊಂದು ರಾಜ್ಯಕ್ಕೆ ಪ್ರತ್ಯೇಕ. ಎರಡು ಕಡೆ ಕಚೇರಿ ತೆರೆದರೆ ಎರಡೂ ಕಡೆಯವರು ಕೈ ಚಾಚಬಹುದು.

ಈ ಗಡಿ ಅನಾದಿಯದೇನೂ ಅಲ್ಲ. 1956ರ ಅಕ್ಟೋಬರ್ 31ರವರೆಗೆ ಬೀದರ್, ಗುಲ್ಬರ್ಗಾ ಎಲ್ಲ ಹೈದರಾಬಾದ್ ರಾಜ್ಯದವೇ. ನಿಜಾಮರ ಕಾಲದಲ್ಲಿ ಕರೋಡಗಿರಿ ನಾಕೆಯಲ್ಲಿ ಸುಂಕ ಕೊಡಬೇಕಿದ್ದದ್ದು ಸೊಲ್ಲಾಪುರದ ಕಡೆಗೆ, ಹೈದರಾಬಾದಿನ ಕಡೆಗಲ್ಲ. 2017ರ ಜುಲೈ 1ರಂದು ‘ಒಂದು ದೇಶ, ಒಂದು ತೆರಿಗೆ’ ಬಂತು. ರಸ್ತೆಯ ಮೇಲಿನ ನಾಕೆ ಹೋಯಿತು, ಅದು ಈಗ ಮೊಬೈಲಿನೊಳಗೆ ಸೇರಿದೆ.

ಅದನ್ನು ಚೆನ್ನಾಗಿ ಬಲ್ಲವರು ಬಿದರಿ ಕಲಾವಿದರು. ಕೈಕುಶಲಿಗಳಿಗೆ ಸರಕಾರ ಕರುಣೆ ತೋರಿದೆ: ವಹಿವಾಟು 20 ಲಕ್ಷ ಮೀರದಿದ್ದರೆ ಹೊರರಾಜ್ಯಕ್ಕೆ ಮಾರಲೂ ನೋಂದಣಿ ಬೇಡ. ಬದಲಿಗೆ ಪ್ಯಾನ್ ಬೇಕು, ಸರಕು ಸಾಗಿಸಲು ಪೋರ್ಟಲ್ಲಿನಲ್ಲಿ ತೆಗೆಯುವ ಈ-ವೇ ಬಿಲ್ ಬೇಕು. ಇಲ್ಲಿದೆ ಸ್ವಾರಸ್ಯ. ಉಳಿದವರಿಗೆ ಸರಕಿನ ಬೆಲೆ 50,000 ದಾಟಿದರೆ ಈ-ವೇ ಬಿಲ್. ನೋಂದಣಿಯಿಂದ ವಿನಾಯಿತಿ ಪಡೆದ ಕುಶಲಕರ್ಮಿ ಗಡಿ ದಾಟಿದರೆ ಬೆಲೆ ಎಷ್ಟೇ ಇರಲಿ, ಬೇಕೇ ಬೇಕು. 49,000ದ ಪ್ಲಾಸ್ಟಿಕ್ ಬಕೆಟ್ ಒಯ್ಯುವ ನೋಂದಾಯಿತ ವ್ಯಾಪಾರಿ ಆರಾಮಾಗಿ ಹೋಗುತ್ತಾನೆ. ಐನೂರು ರೂಪಾಯಿಯ ಬಿದರಿ ಡಬ್ಬಿ ಒಯ್ಯುವವನು, ಅದೂ ಬೆಳ್ಳಿ ತಂತಿ ಕೂರಿಸಿ, ಕೋಟೆಯ ಮಣ್ಣಿನಲ್ಲಿ ಕಪ್ಪೇರಿಸಿ ಮುಗಿಸುವಷ್ಟರಲ್ಲಿ ಬೆರಳು ಸವೆಸಿಕೊಂಡವನು, ಪೋರ್ಟಲ್ ತೆರೆಯಬೇಕು.

ತೆರೆದು ಜಿಎಸ್‌ಟಿ ನಂಬರಿನ ಜಾಗದಲ್ಲಿ ‘ಯುಆರ್‌ಪಿ’ ಎಂದು ಬರೆಯಬೇಕು, ನೋಂದಣಿ ಇಲ್ಲದವನು ಎಂದರ್ಥ. ಎಚ್‌ಎಸ್‌ಎನ್ (ಸರಕಿನ ಸಂಕೇತ) 8306, ಎರಡೂ ಊರಿನ ಪಿನ್‌ಕೋಡ್, ಬೆಲೆ. ಇಷ್ಟು ಭಾಗ ‘ಎ’. ಭಾಗ ‘ಬಿ’ಯಲ್ಲಿ ವಾಹನದ ನಂಬರ್. ಕೆಂಪು ಬಸ್ಸಿನಲ್ಲಿ ಹೋಗುವವನಿಗೆ ಕೆಎ 38ರ ಮುಂದಿನ ಅಂಕಿ ಗೊತ್ತಾಗುವುದು ಬಸ್ಸು ಪ್ಲಾಟ್‌ಫಾರ್ಮಿಗೆ ಬಂದು ನಿಂತ ಮೇಲೆ. ಸೀಟಿಗೆ ಟವಲ್ ಹಾಕುವುದೋ, ನಂಬರ್ ಟೈಪ್ ಮಾಡುವುದೋ? ಬಸ್ಸು ನಡುದಾರಿಯಲ್ಲಿ ಕೆಟ್ಟು ಬೇರೆ ಬಸ್ಸು ಹತ್ತಿದರೆ ಭಾಗ ‘ಬಿ’ ತಿದ್ದಬೇಕು. ತಿದ್ದದೆ ಸಿಕ್ಕಿಬಿದ್ದರೆ ತೆರಿಗೆಯ ಎರಡು ಪಟ್ಟು ದಂಡದವರೆಗೂ ಹೋಗಬಹುದು.

ನಿಯಮದಲ್ಲೇ ಒಂದು ಕಿಂಡಿ ಇದೆ. ಈ-ವೇ ಬಿಲ್ಲಿನ ಇದೇ 138ನೇ ನಿಯಮದ ಕೊನೆಯ ಕಡೆ, ಮೋಟಾರಿಲ್ಲದ ಗಾಡಿಯಲ್ಲಿ ಸಾಗುವ ಸರಕಿಗೆ ಈ-ವೇ ಬಿಲ್ ಬೇಡ ಎಂದಿದೆ. ಬಿದರಿ ಡಬ್ಬಿಗಳನ್ನು ಎತ್ತಿನ ಬಂಡಿಗೆ ಹೇರಿಕೊಂಡು ಹೊರಟರೆ ಯುಆರ್‌ಪಿ ಇಲ್ಲ, ಭಾಗ ‘ಬಿ’ ಇಲ್ಲ. ಬಸ್ಸಿನವನಿಗೆ 200 ಕಿಲೋಮೀಟರಿಗೆ ಒಂದು ದಿನದ ಗಡುವಾದರೆ ಬಂಡಿಯವನಿಗೆ ಗಡುವೂ ಇಲ್ಲ. ಹೈದರಾಬಾದ್ ಸುಮಾರು 140 ಕಿಲೋಮೀಟರ್. ತಲುಪುವಷ್ಟರಲ್ಲಿ ಮೇಳ ಮುಗಿದಿರುತ್ತದೆ, ಅದೊಂದೇ ಅಡಚಣೆ. ಮಾರಾಟವೇ ಆಗದಿದ್ದರೆ ತೆರಿಗೆಯ ತಕರಾರೂ ಇಲ್ಲ.